ಜನಾಂಗಹತ್ಯೆಯ ಚಲನಚಿತ್ರಗಳೂ ಹೊರನಾಡಿಗರ ಧರ್ಮಸಂಕಟವೂ

ಚಲನಚಿತ್ರವೆಂದೊಡನೆ ಹಾಡು, ಹಾಸ್ಯ, ವಿನೋದಗಳ ನೆನಪು ಬರುವುದು ಸಹಜ. ಮಕ್ಕಳನ್ನು ಚಿತ್ರಮಂದಿರಕ್ಕೆ ಕರೆದೊಯ್ಯಬೇಕೋ ಬೇಡವೋ ಎಂದು ಹೆತ್ತವರು ಆಲೋಚಿಸುವಾಗ ಅವರ ಕಣ್ಣೆದುರಿಗಿರುವುದೂ ಅಂಥ ಚಿತ್ರಗಳೇ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಬೇರೊಂದು ಬಗೆಯ ಚಿತ್ರಗಳು ಲೋಕದಲ್ಲಿ ಹುಟ್ಟಿಕೊಂಡಿವೆ. ಒಂದು ಜನಾಂಗವನ್ನೇ ಭೂಮಿಯ ಮೇಲಿನಿಂದ ಅಳಿಸಿಬಿಡಲು ನಡೆದ ಘೋರಕೃತ್ಯಗಳನ್ನು ಇವು ಕಥಾರೂಪವಾಗಿ ನಮ್ಮ ಮುಂದಿಡುತ್ತವೆ. ಇಂಥ ಚಿತ್ರಗಳಲ್ಲಿ ಅನೇಕವುಗಳ ನಡುವೆ ಒಬ್ಬ ಹೊರನಾಡಿಗನು ನಿಂತಿರುತ್ತಾನೆ. ಅವನು ವೃತ್ತಪತ್ರಿಕೆಯ ಬಾತ್ಮೀದಾರನಾಗಿರಬಹುದು, ಸೈನ್ಯಾಧಿಕಾರಿಯಾಗಿರಬಹುದು, ಪಾದ್ರಿಯೋ ಉಪಾಧ್ಯಾಯನೋ ಆಗಿರಬಹುದು. ಅವನಿಗೆ ಹೊರಟುಹೋಗಲು ದಾರಿಯುಂಟು. ಅವನ ಸುತ್ತಲಿರುವವರಿಗೆ ಆ ದಾರಿಯಿಲ್ಲ. ಉಳಿಯಬೇಕೇ, ಹೊರಡಬೇಕೇ ಎಂಬುದೇ ಅವನ ಧರ್ಮಸಂಕಟ.

ನಮ್ಮ ಶಾಲೆಗಳಲ್ಲಿ ಕಲಿತ ಹೆಣ್ಣುಮಕ್ಕಳು ದಾದಿಯರಾಗಿಯೂ ವೈದ್ಯೆಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದೂರದೇಶಗಳಿಗೆ ಹೋಗಿ ಕೆಲಸಮಾಡುತ್ತಿರುವ ಈ ಕಾಲದಲ್ಲಿ ಹೊರನಾಡಿಗರ ಪ್ರಶ್ನೆಯು ನಮಗೆ ಸಂಬಂಧವಿಲ್ಲದ್ದೆಂದು ಹೇಳುವಂತಿಲ್ಲ. ಆದಕಾರಣ ಈ ಚಿತ್ರಗಳಲ್ಲಿ ಕೆಲವನ್ನು ಪರಿಚಯಮಾಡಿಕೊಟ್ಟು, ಅವುಗಳನ್ನು ಯಾವ ದೃಷ್ಟಿಯಿಂದ ನೋಡಬೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಹೆಸರಿನ ವಿಚಾರ. ಕೊಲೆಯು ಲೋಕದಷ್ಟೇ ಹಳೆಯದಾದರೂ ‘ಜೆನೊಸೈಡ್’ ಎಂಬ ಶಬ್ದವು ಹಳೆಯದಲ್ಲ. ಪೋಲೆಂಡ್ ದೇಶದ ಯೆಹೂದ್ಯ ನ್ಯಾಯವಾದಿ ರಾಫೇಲ್ ಲೆಮ್ಕಿನ್ ಎಂಬವರು ಜನಾಂಗವೆಂಬರ್ಥದ ಗ್ರೀಕ್ ಶಬ್ದಕ್ಕೆ ಕೊಲ್ಲುವಿಕೆಯೆಂಬರ್ಥದ ಲ್ಯಾಟಿನ್ ಪ್ರತ್ಯಯವನ್ನು ಜೋಡಿಸಿ, ೧೯೪೪ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅದನ್ನು ಬಳಕೆಗೆ ತಂದರು. ೧೯೪೬ರಲ್ಲಿ ಈ ಅಪರಾಧದ ವಿಚಾರವನ್ನು ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ತಂದ ಮೂರು ದೇಶಗಳಲ್ಲಿ ಕ್ಯೂಬಾ ಮತ್ತು ಪನಾಮಾಗಳೊಡನೆ ನಮ್ಮ ಭಾರತವೂ ಒಂದು. ಆ ವರ್ಷ ಅಲ್ಲಿಗೆ ಹೋದ ಭಾರತದ ನಿಯೋಗಕ್ಕೆ ನಾಯಕಿಯಾಗಿದ್ದವರು ಶ್ರೀಮತಿ ವಿಜಯಲಕ್ಷ್ಮಿ ಪಂಡಿತ್ ಅವರು. ೧೯೪೮ನೇ ಡಿಸೆಂಬರ್ ೯ರಂದು ಜನಾಂಗಹತ್ಯೆಯನ್ನು ತಡೆಯುವ ಮತ್ತು ದಂಡಿಸುವ ಒಪ್ಪಂದವು ಅಂಗೀಕೃತವಾಯಿತು. ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಸಮೂಹವನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಪಡಿಸಬೇಕೆಂಬ ಸಂಕಲ್ಪವೇ ಈ ಅಪರಾಧದ ತಿರುಳು. ಒಪ್ಪಂದಕ್ಕೆ ಸೇರಿದ ದೇಶಗಳು ದಂಡಿಸುವ ಹೊಣೆಯನ್ನು ಮಾತ್ರವಲ್ಲ, ತಡೆಯುವ ಹೊಣೆಯನ್ನೂ ಹೊತ್ತವು. ಈ ‘ತಡೆಯುವ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲವೂ ಇದರ ಮೇಲೆಯೇ ನಿಂತಿದೆ.

ಹೊರನಾಡಿಗನ ಸಂಕಟವನ್ನು ಪ್ರಾಮಾಣಿಕವಾಗಿ ತೋರಿಸಿದ ಚಿತ್ರಗಳಲ್ಲಿ ೧೯೮೪ರ ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಎಂಬುದು ಮುಖ್ಯವಾದುದು. ೧೯೭೫ರ ಏಪ್ರಿಲ್ ತಿಂಗಳಲ್ಲಿ ಕಾಂಬೋಡಿಯಾ ದೇಶದ ರಾಜಧಾನಿಯಾದ ನೊಮ್ ಪೆನ್ ನಗರವು ಖ್ಮೇರ್ ರೂಜ್ ಪಕ್ಷದವರ ವಶವಾಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬಾತ್ಮೀದಾರರಾದ ಸಿಡ್ನಿ ಶಾನ್‌ಬರ್ಗ್ ಅವರೂ ಅವರ ಸಹಾಯಕರೂ ದುಭಾಷಿಯೂ ಆಗಿದ್ದ ಡಿತ್ ಪ್ರಾನ್ ಅವರೂ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದರು. ಕೆಲವು ದಿನಗಳಲ್ಲಿ ಆಜ್ಞೆ ಬಂದಿತು: ಪರದೇಶದವರು ಇರಬಹುದು, ಕಾಂಬೋಡಿಯದವರು ಹೊರಗೆ ಹೋಗತಕ್ಕದ್ದು. ಗೆಳೆಯನಿಗಾಗಿ ಪಾಸ್‌ಪೋರ್ಟೊಂದನ್ನು ಕಲ್ಪಿಸುವ ಪ್ರಯತ್ನವು ವಿಫಲವಾಯಿತು. ಶಾನ್‌ಬರ್ಗ್ ಅವರು ಸ್ವದೇಶ ಸೇರಿ ಬಹುಮಾನ ಪಡೆದರು. ಪ್ರಾನ್ ಅವರು ಗದ್ದೆಗಳಲ್ಲಿ ದುಡಿದು, ಹಸಿವಿನಿಂದ ಬಳಲಿ, ೧೯೭೯ರಲ್ಲಿ ಗಡಿದಾಟಿ ಥಾಯ್ಲೆಂಡನ್ನು ಸೇರಿದರು. ಚಿತ್ರದ ದೊಡ್ಡ ಗುಣವೇನೆಂದರೆ ಅದು ಬಾತ್ಮೀದಾರರ ಪಶ್ಚಾತ್ತಾಪದಲ್ಲಿಯೇ ಮುಳುಗಿಹೋಗದೆ, ಅರ್ಧದಲ್ಲಿ ಅವರನ್ನು ಬಿಟ್ಟು ಪ್ರಾನ್ ಅವರ ಹಿಂದೆ ಹೋಗುತ್ತದೆ. ಪ್ರಾನ್ ಅವರ ಪಾತ್ರವನ್ನು ವಹಿಸಿದ ಹೈಂಗ್ ಙೋರ್ ಅವರು ವೃತ್ತಿಯ ನಟರಲ್ಲ. ಅದೇ ಸಂಹಾರದಿಂದ ಬದುಕಿ ಬಂದ ವೈದ್ಯರು.

ಇನ್ನು ಆಫ್ರಿಕಾ ಖಂಡದ ನಡುವಿನ ಪುಟ್ಟ ದೇಶವಾದ ರುವಾಂಡಾಕ್ಕೆ ಬರೋಣ. ಈ ವಿಷಯದ ಮೇಲೆ ಅತಿ ಹೆಚ್ಚಾಗಿ ಚಿತ್ರಗಳು ಹುಟ್ಟಿದ್ದು ಅಲ್ಲಿಯ ದುರಂತದಿಂದಲೇ. ಅಲ್ಲಿನ ಹುಟು ಮತ್ತು ಟುಟ್ಸಿ ಎಂಬ ಎರಡು ಸಮುದಾಯಗಳವರು ಒಂದೇ ಭಾಷೆಯನ್ನಾಡುವವರು, ಒಂದೇ ಗುಡ್ಡದಲ್ಲಿ ನೆರೆಕರೆಯವರಾಗಿ ಬಾಳಿದವರು. ಬೆಲ್ಜಿಯಮಿನ ಆಳಿಕೆಯಲ್ಲಿ, ೧೯೩೦ರ ದಶಕದಲ್ಲಿ, ಪ್ರತಿಯೊಬ್ಬನ ಗುರುತಿನ ಚೀಟಿಯ ಮೇಲೆ ಅವನ ಜಾತಿಯನ್ನು ಅಚ್ಚೊತ್ತಿಬಿಟ್ಟರು. ಮಿಶನ್ ಶಾಲೆಗಳು ಕೂಡ ಬಹುಕಾಲ ಒಂದು ಪಂಗಡದ ಮಕ್ಕಳಿಗೇ ಹೆಚ್ಚಿನ ಅವಕಾಶ ಕೊಟ್ಟವು. ಸ್ವಾತಂತ್ರ್ಯಾನಂತರ ಅಧಿಕಾರವು ಮತ್ತೊಂದು ಪಂಗಡದ ಕೈಗೆ ಬಂದಾಗ ತಕ್ಕಡಿಯು ಇನ್ನೊಂದು ಕಡೆಗೆ ವಾಲಿತು. ತರಗತಿಯಲ್ಲಿ ಉಪಾಧ್ಯಾಯರು ಹುಟು ಮಕ್ಕಳು ಏಳಲಿ, ಟುಟ್ಸಿ ಮಕ್ಕಳು ಏಳಲಿ ಎಂದು ಹೇಳಿ ಎಣಿಸುವ ಪದ್ಧತಿ ಇತ್ತೆಂದು ಬದುಕುಳಿದ ಅನೇಕರು ಸಾಕ್ಷ್ಯ ನುಡಿದಿದ್ದಾರೆ. ಹೀಗಿರಲಾಗಿ, ಚಿತ್ರಗಳಲ್ಲಿ ಹೊರನಾಡಿಗನು ದುರಂತದ ದಿನವೇ ಬಂದು ನಿಂತ ನಿರಪರಾಧಿಯಂತೆ ಕಂಡರೂ, ಚರಿತ್ರೆಯಲ್ಲಿ ಅವನ ಹೆಜ್ಜೆಗಳು ಬಹಳ ಹಿಂದಿನಿಂದಲೇ ಮೂಡಿದ್ದವು.

೧೯೯೪ನೇ ಏಪ್ರಿಲ್ ೬ರ ರಾತ್ರಿ ರಾಷ್ಟ್ರಾಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನವೇ ಪ್ರಧಾನಮಂತ್ರಿಣಿಯಾಗಿದ್ದ ಅಗಾಥ್ ಉವಿಲಿಂಗಿಯಿಮಾನಾ ಅವರನ್ನು ಕೊಂದರು. ಈ ಮಹಿಳೆಯು ಮೊದಲು ರಸಾಯನಶಾಸ್ತ್ರದ ಉಪಾಧ್ಯಾಯಿನಿಯಾಗಿದ್ದು, ವಿದ್ಯಾಮಂತ್ರಿಣಿಯಾದಾಗ ಶಾಲೆಗಳಲ್ಲಿ ಪಂಗಡವಾರು ಸ್ಥಾನ ಹಂಚುವ ಪದ್ಧತಿಯನ್ನು ತೆಗೆದುಹಾಕಿದವರು. ಅವರ ರಕ್ಷಣೆಗೆ ಹೋಗಿದ್ದ ವಿಶ್ವಸಂಸ್ಥೆಯ ಹತ್ತು ಮಂದಿ ಬೆಲ್ಜಿಯನ್ ಸೈನಿಕರೂ ಹತರಾದರು. ಮುಂದಿನ ಸುಮಾರು ನೂರು ದಿನಗಳಲ್ಲಿ, ವಿಶ್ವಸಂಸ್ಥೆಯ ಲೆಕ್ಕದಂತೆ, ಎಂಟು ಲಕ್ಷದಷ್ಟು ಜನರು ಕೊಲ್ಲಲ್ಪಟ್ಟರು. ಅವರಲ್ಲಿ ಬಹುಪಾಲು ಟುಟ್ಸಿಗಳು, ಉಳಿದವರು ಕೊಲೆಗೆ ಒಪ್ಪದ ಹುಟುಗಳು.

ರಾಜಧಾನಿಯಾದ ಕಿಗಾಲಿಯಲ್ಲಿ ಕ್ರೈಸ್ತ ಸಂನ್ಯಾಸಿಗಳು ನಡೆಸುತ್ತಿದ್ದ ಒಂದು ತಾಂತ್ರಿಕ ಶಾಲೆಯಿತ್ತು. ಅಲ್ಲಿ ಸುಮಾರು ೯೦ ಮಂದಿ ಬೆಲ್ಜಿಯನ್ ಶಾಂತಿಸೈನಿಕರು ಬೀಡುಬಿಟ್ಟಿದ್ದರು. ನೀಲಿ ಟೋಪಿಗಳಿರುವಲ್ಲಿ ಪ್ರಾಣ ಉಳಿದೀತೆಂದು ನಂಬಿ ಎರಡು ಸಾವಿರಕ್ಕೂ ಮಿಕ್ಕಿ ಜನರು ಆ ಶಾಲೆಯೊಳಗೆ ಸೇರಿದರು. ಏಪ್ರಿಲ್ ೧೧ರಂದು ಯುರೋಪಿಯನರನ್ನು ಕರೆದೊಯ್ದಾದ ಮೇಲೆ ಸೈನಿಕರಿಗೂ ಹೊರಡುವ ಅಪ್ಪಣೆ ಬಂದಿತು. ಅವರ ವಾಹನಗಳು ಹೊರಟೊಡನೆ ಕೊಲೆಗಾರರು ಒಳನುಗ್ಗಿದರು. ಅಲ್ಲಿದ್ದವರನ್ನು ನ್ಯಾಂಜಾ ಎಂಬ ಗುಡ್ಡದ ಕಡೆಗೆ ನಡೆಸಿಕೊಂಡು ಹೋಗಿ ಬಹುಪಾಲು ಜನರನ್ನು ಅದೇ ದಿನ ಕೊಂದರು. ಇಂದು ಆ ಗುಡ್ಡದ ಮೇಲೆ ಸ್ಮಾರಕವಿದೆ. ೨೦೦೦ದಲ್ಲಿ ಬೆಲ್ಜಿಯಮಿನ ಪ್ರಧಾನಮಂತ್ರಿಯವರು ಕಿಗಾಲಿಗೆ ಬಂದು ತಮ್ಮ ದೇಶದ ಪರವಾಗಿ ಕ್ಷಮೆ ಬೇಡಿದರು.

೨೦೦೫ರಲ್ಲಿ ಮೈಕೇಲ್ ಕೇಟನ್-ಜೋನ್ಸ್ ಅವರು ನಿರ್ದೇಶಿಸಿದ ‘ಶೂಟಿಂಗ್ ಡಾಗ್ಸ್’ ಎಂಬ ಚಿತ್ರವು ಈ ಶಾಲೆಯ ಕಥೆ. ಅದನ್ನು ಆ ಶಾಲೆಯ ಆವರಣದಲ್ಲಿಯೇ ತೆಗೆದರು. ಸಂಹಾರದಿಂದ ಉಳಿದ ಅನೇಕರು ಚಿತ್ರದ ಕೆಲಸಗಾರರಾಗಿ ದುಡಿದರು. ವೃದ್ಧ ಪಾದ್ರಿ ಕ್ರಿಸ್ಟೋಫರ್, ಇಂಗ್ಲೆಂಡಿನಿಂದ ಬಂದ ತರುಣ ಉಪಾಧ್ಯಾಯ ಜೋ, ಮರಿಯೆಂಬ ಟುಟ್ಸಿ ವಿದ್ಯಾರ್ಥಿನಿ ಇವರು ಕಥೆಯ ಮುಖ್ಯ ವ್ಯಕ್ತಿಗಳು. ಹೆಣಗಳನ್ನು ಕಚ್ಚುವ ನಾಯಿಗಳಿಂದ ರೋಗ ಹರಡೀತೆಂದು ಸೇನಾಧಿಕಾರಿಯು ಅವುಗಳಿಗೆ ಗುಂಡು ಹೊಡೆಯಬೇಕೆನ್ನುತ್ತಾನೆ. ತಮ್ಮ ಮೇಲೆ ಗುಂಡು ಹಾರಿದ ಹೊರತು ತಾವು ಹಾರಿಸಬಾರದೆಂದು ಕೊಲೆಗಾರರ ವಿಷಯದಲ್ಲಿ ಸುಮ್ಮನಿದ್ದವನು ಅವನೇ. ಆ ನಾಯಿಗಳು ನಿಮ್ಮ ಮೇಲೆ ಗುಂಡು ಹಾರಿಸಿದವೇ ಎಂದು ಪಾದ್ರಿಗಳು ಕೇಳುತ್ತಾರೆ. ಚಿತ್ರದ ಹೆಸರು ಹುಟ್ಟಿದ್ದು ಇಲ್ಲಿಂದಲೇ. ಮತ್ತೊಂದು ದೃಶ್ಯದಲ್ಲಿ ಬಾತ್ಮೀದಾರಳೊಬ್ಬಳು ತನ್ನ ಮನಸ್ಸಿನ ಗುಟ್ಟನ್ನು ಬಿಚ್ಚಿ ಹೇಳುತ್ತಾಳೆ: ಬೋಸ್ನಿಯಾದಲ್ಲಿ ಸತ್ತ ಹೆಂಗಸನ್ನು ಕಂಡಾಗ ತನ್ನ ತಾಯಿಯೇ ಅವಳಾಗಿರಬಹುದಿತ್ತೆಂದು ಅಳು ಬರುತ್ತಿತ್ತು, ಇಲ್ಲಿ ಆ ಭಾವನೆಯೇ ಬರುತ್ತಿಲ್ಲ. ಚರ್ಮದ ಬಣ್ಣವು ಕರುಣೆಯನ್ನು ಅಳೆಯುವ ಗಜಕಡ್ಡಿಯಾಗುವುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬೇರೆ ಚಿತ್ರಗಳು ಹೇಳಿರುವುದು ವಿರಳ.

ಉಳಿಯುವೆನೆಂದು ಮರಿಗೆ ಮಾತುಕೊಟ್ಟಿದ್ದ ಜೋ ಕಡೆಗೆ ಸೈನಿಕರೊಡನೆ ಹೊರಟುಹೋಗುತ್ತಾನೆ. ಪಾದ್ರಿಗಳು ಉಳಿದು, ಕೆಲವು ಮಕ್ಕಳನ್ನು ವಾಹನದಲ್ಲಿ ಅಡಗಿಸಿ ಸಾಗಿಸುವಾಗ ಪ್ರಾಣ ಬಿಡುತ್ತಾರೆ. ವರ್ಷಗಳು ಕಳೆದ ಮೇಲೆ ಮರಿಯು ಇಂಗ್ಲೆಂಡಿಗೆ ಬಂದು ಜೋನನ್ನು ಕಂಡು, ಏಕೆ ಬಿಟ್ಟುಹೋದೆ ಎಂದು ಕೇಳುತ್ತಾಳೆ. ಸಾಯಲು ಭಯವಾಯಿತೆಂಬುದೇ ಅವನ ಉತ್ತರ. ಆ ಉತ್ತರದಲ್ಲಿ ನೆವವಿಲ್ಲ, ಸಮರ್ಥನೆಯಿಲ್ಲ. ಪ್ರೇಕ್ಷಕರಾದ ನಾವು ಅವನನ್ನು ತೆಗಳಲು ಬಾಯಿ ತೆರೆದವರು, ನಾವಾದರೆ ಏನು ಮಾಡುತ್ತಿದ್ದೆವೆಂದು ಯೋಚಿಸಿ ಬಾಯಿ ಮುಚ್ಚುವಂತಾಗುತ್ತದೆ.

ಆದರೂ ಚಿತ್ರವು ಚರಿತ್ರೆಯಲ್ಲ. ಪಾದ್ರಿ ಕ್ರಿಸ್ಟೋಫರರ ಪಾತ್ರಕ್ಕೆ ಆಧಾರವಾದ ಬೋಸ್ನಿಯಾದ ಫ್ರಾನ್ಸಿಸ್ಕನ್ ಗುರು ವ್ಯೆಕೋಸ್ಲಾವ್ ಚುರಿಚ್ ಅವರು ಆ ಶಾಲೆಯಲ್ಲಿ ಮಡಿದವರಲ್ಲ. ಅವರು ದೇಶದಲ್ಲಿಯೇ ಉಳಿದು ಅನೇಕರನ್ನು ಗಡಿದಾಟಿಸಿ ಬದುಕಿಸಿ, ೧೯೯೮ರಲ್ಲಿ ಕಿಗಾಲಿಯಲ್ಲಿ ಗುಂಡಿಗೆ ಬಲಿಯಾದರು. ಚಿತ್ರಕಾರರು ಅವರ ಸದ್ಗುಣವನ್ನು ತಂದು ಆ ಶಾಲೆಯೊಳಗೆ ಇರಿಸಿದರು. ಇದರಿಂದ ಕಥೆಗೆ ಸಾಂತ್ವನ ದೊರೆಯಿತು. ಆದರೆ ನೆಚ್ಚಿದವರು ಹೊರಟುಹೋದರೆಂಬ ನಿಜದ ಕಹಿಯು ಅಷ್ಟರಮಟ್ಟಿಗೆ ತೆಳುವಾಯಿತು. ಇಂಥ ಬದಲಾವಣೆಗಳನ್ನು ಪ್ರೇಕ್ಷಕರು ತಿಳಿದಿರಬೇಕು.

೨೦೦೪ರಲ್ಲಿ ಟೆರಿ ಜಾರ್ಜ್ ಅವರು ನಿರ್ದೇಶಿಸಿದ ‘ಹೋಟೆಲ್ ರುವಾಂಡಾ’ ಇದಕ್ಕಿಂತ ಹೆಚ್ಚು ಪ್ರಸಿದ್ಧವಾದುದು. ಕಿಗಾಲಿಯ ಮಿಲ್ ಕೊಲಿನ್ ಹೋಟೆಲಿನಲ್ಲಿ ೧೨೬೮ ಮಂದಿ ಆಶ್ರಯ ಪಡೆದು ಬದುಕಿದ ವೃತ್ತಾಂತವಿದು. ಇಲ್ಲಿ ಕಥಾನಾಯಕನು ಹೊರನಾಡಿಗನಲ್ಲ, ಆ ಹೋಟೆಲಿನ ಮೇಲ್ವಿಚಾರಕನು. ಸುರಿಯುವ ಮಳೆಯಲ್ಲಿ ಬಿಳಿಯ ಅತಿಥಿಗಳು ಬಸ್ಸು ಹತ್ತುವಾಗ ಕೆಲಸಗಾರನೊಬ್ಬನು ಛಾಯಾಗ್ರಾಹಕನಿಗೆ ಕೊಡೆ ಹಿಡಿಯುತ್ತಾನೆ. ಸಾಯಲು ಉಳಿದವನು ಬದುಕಲು ಹೊರಟವನ ತಲೆ ನೆನೆಯದಂತೆ ನೋಡಿಕೊಳ್ಳುವುದನ್ನು ಕಂಡು ಆ ಛಾಯಾಗ್ರಾಹಕನು ನಾಚಿಕೆಯಿಂದ ಕುಗ್ಗುತ್ತಾನೆ. ಅಮೆರಿಕಾ ಸರಕಾರದ ವಕ್ತಾರರು ಜನಾಂಗಹತ್ಯೆಯೆಂಬ ಶಬ್ದವನ್ನು ನೇರವಾಗಿ ಉಚ್ಚರಿಸದೆ ಸುತ್ತಿಬಳಸಿ ಮಾತನಾಡುವುದೂ ಇಲ್ಲಿ ರೇಡಿಯೋದಲ್ಲಿ ಕೇಳಿಬರುತ್ತದೆ. ಹೆಸರನ್ನು ಒಪ್ಪಿಕೊಂಡರೆ ತಡೆಯುವ ಹೊಣೆಯನ್ನೂ ಒಪ್ಪಿಕೊಳ್ಳಬೇಕಾದೀತೆಂಬ ಅಂಜಿಕೆಯೇ ಇದಕ್ಕೆ ಕಾರಣವಾಗಿತ್ತು.

ಈ ಚಿತ್ರದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಹೋಟೆಲಿನಲ್ಲಿ ಉಳಿದುಕೊಂಡವರಲ್ಲಿ ಕೆಲವರು ಮೇಲ್ವಿಚಾರಕರಾದ ಪಾಲ್ ರುಸೆಸಬಗಿನಾ ಅವರನ್ನು ಚಿತ್ರವು ಅತಿಯಾಗಿ ಹೊಗಳಿದೆಯೆಂದು ಆಕ್ಷೇಪಿಸಿದರು. ಮುಂದೆ ಅವರು ಸರಕಾರದ ಕಟು ವಿಮರ್ಶಕರಾದರು. ೨೦೨೧ರಲ್ಲಿ ರುವಾಂಡಾದ ನ್ಯಾಯಾಲಯವು ಭಯೋತ್ಪಾದನೆಯ ಆಪಾದನೆಯ ಮೇಲೆ ಅವರಿಗೆ ೨೫ ವರ್ಷಗಳ ಶಿಕ್ಷೆ ವಿಧಿಸಿತು. ಆ ವಿಚಾರಣೆ ನ್ಯಾಯವಾದುದಲ್ಲವೆಂದು ಹೊರದೇಶಗಳಲ್ಲಿ ಆಕ್ಷೇಪಗಳೆದ್ದವು. ೨೦೨೩ರಲ್ಲಿ ಅವರ ಬಿಡುಗಡೆಯಾಯಿತು. ಜೀವಂತ ಮನುಷ್ಯನನ್ನು ಎರಡು ಗಂಟೆಯ ಕಥೆಯಲ್ಲಿ ಮಹಾತ್ಮನನ್ನಾಗಿ ನಿಲ್ಲಿಸುವುದರಲ್ಲಿ ಎಷ್ಟು ಅಪಾಯವಿದೆಯೆಂಬುದಕ್ಕೆ ಇದು ನಿದರ್ಶನ.

ಸೈನಿಕನ ಸಂಕಟವನ್ನು ತೋರಿಸುವುದು ೨೦೦೭ರ ‘ಶೇಕ್ ಹ್ಯಾಂಡ್ಸ್ ವಿತ್ ದ ಡೆವಿಲ್’ ಎಂಬ ಚಿತ್ರ. ವಿಶ್ವಸಂಸ್ಥೆಯ ಪಡೆಗೆ ಅಧಿಪತಿಯಾಗಿದ್ದ ಕೆನಡಾ ದೇಶದ ರೋಮಿಯೋ ಡಲೇರ್ ಅವರು ಕೊಲೆಗಳು ಆರಂಭವಾಗುವುದಕ್ಕೆ ಸುಮಾರು ಮೂರು ತಿಂಗಳ ಮೊದಲೇ, ಜನವರಿ ೧೧ರಂದು, ಆಯುಧಗಳನ್ನು ಬಚ್ಚಿಟ್ಟಿರುವರೆಂದೂ ತಾವು ಅವುಗಳನ್ನು ವಶಪಡಿಸಿಕೊಳ್ಳುವುದಾಗಿಯೂ ನ್ಯೂಯಾರ್ಕಿಗೆ ತಂತಿಮುಖೇನ ತಿಳಿಸಿದ್ದರು. ಹಾಗೆ ಮಾಡಕೂಡದೆಂದು ಉತ್ತರ ಬಂದಿತು. ಸಂಹಾರವು ನಡೆಯುತ್ತಿರುವಾಗಲೇ, ಏಪ್ರಿಲ್ ೨೧ರಂದು, ಭದ್ರತಾ ಮಂಡಳಿಯು ಸುಮಾರು ೨೫೦೦ ಜನರ ಆ ಪಡೆಯನ್ನು ೨೭೦ಕ್ಕೆ ಇಳಿಸಲು ನಿರ್ಣಯಿಸಿತು. ಡಲೇರ್ ಅವರು ಅದಕ್ಕಿಂತ ಹೆಚ್ಚು ಜನರನ್ನು ತಮ್ಮೊಡನೆ ಉಳಿಸಿಕೊಂಡು, ಸಾವಿರಾರು ಮಂದಿಗೆ ನೆರಳಾದರು. ಅಪ್ಪಣೆಯನ್ನು ಮೀರಿ ಮೊದಲೇ ಮುನ್ನುಗ್ಗಬೇಕಾಗಿತ್ತೇ ಎಂಬ ಪ್ರಶ್ನೆಯು ಮಾತ್ರ ಅವರನ್ನು ಮುಂದೆಯೂ ಬಿಡಲಿಲ್ಲ. ಬಹುಕಾಲದವರೆಗೆ ಅವರು ಮನೋವ್ಯಾಧಿಯಿಂದ ನರಳಿದರು.

ಇವುಗಳೆಲ್ಲಕ್ಕೂ ಬೇರೆಯಾದ ದಾರಿಯನ್ನು ಹಿಡಿದವರು ಹೈಟಿ ದೇಶದಲ್ಲಿ ಹುಟ್ಟಿದ ರಾವುಲ್ ಪೆಕ್ ಅವರು. ಅವರ ೨೦೦೫ರ ‘ಸಮ್‌ಟೈಮ್ಸ್ ಇನ್ ಏಪ್ರಿಲ್’ ಚಿತ್ರದಲ್ಲಿ ನಡುವೆ ನಿಂತವರು ರುವಾಂಡಾದ ಅಣ್ಣತಮ್ಮಂದಿರಿಬ್ಬರು. ಒಬ್ಬನು ಸೈನಿಕ, ಇನ್ನೊಬ್ಬನು ದ್ವೇಷವನ್ನು ಬಿತ್ತಿದ ರೇಡಿಯೋದಲ್ಲಿ ಮಾತನಾಡಿದವನು. ಹೊರನಾಡಿಗರು ಇಲ್ಲಿ ದೂರದ ವಾಷಿಂಗ್ಟನ್ನಿನ ಸಭೆಗಳಲ್ಲಿ ಕುಳಿತಿರುತ್ತಾರೆ. ಧರ್ಮಸಂಕಟವು ಸಂಹಾರಭೂಮಿಯಲ್ಲಿ ನಿಂತ ಒಬ್ಬಿಬ್ಬರದು ಮಾತ್ರವಲ್ಲ, ಮೇಜಿನ ಸುತ್ತ ಕುಳಿತವರದೂ ಹೌದೆಂದು ಅದು ನೆನಪಿಸುತ್ತದೆ.

ಹಾಗಾದರೆ ಉಳಿದವರಿಂದ ನಿಜವಾಗಿ ಏನಾದರೂ ಪ್ರಯೋಜನವಾಯಿತೇ? ಉಳಿದಿದ್ದರೆ ಅವನೂ ಸಾಯುತ್ತಿದ್ದನಷ್ಟೆ ಎಂದು ಹೇಳುವವರುಂಟು. ಆ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ನಡೆದ ಸಂಗತಿಗಳು ಬೇರೊಂದು ಮಾತನ್ನೂ ಹೇಳುತ್ತವೆ. ಸೆನೆಗಲ್ ದೇಶದ ಕ್ಯಾಪ್ಟನ್ ಎಂಬಾಯೆ ಜಾಞ್ ಅವರು ಆಯುಧವಿಲ್ಲದ ಪರಿವೀಕ್ಷಕರಾಗಿದ್ದರು. ಹತರಾದ ಪ್ರಧಾನಮಂತ್ರಿಣಿಯ ಮಕ್ಕಳನ್ನು ಮರೆಸಿ ಕರೆದೊಯ್ದವರು ಅವರೇ. ಆ ಬಳಿಕ ನಗುಮುಖದಿಂದಲೂ ಜಾಣ್ಮೆಯ ಮಾತಿನಿಂದಲೂ ದಾರಿಯ ತಡೆಗಳನ್ನು ದಾಟಿ ನೂರಾರು ಜನರನ್ನು ಕೆಲಕೆಲವರಂತೆ ಸಾಗಿಸಿ, ಮೇ ೩೧ರಂದು ತೋಪಿನ ಗುಂಡಿಗೆ ಬಲಿಯಾದರು. ರೆಡ್ ಕ್ರಾಸ್ ಸಂಸ್ಥೆಯ ಫಿಲಿಪ್ ಗೈಯಾರ್ ಅವರೂ ಸಂಗಡಿಗರೂ ಕಿಗಾಲಿಯಲ್ಲಿ ಆಸ್ಪತ್ರೆ ನಡೆಸುತ್ತ ಉಳಿದರು. ಅಮೆರಿಕಾದ ಅಡ್ವೆಂಟಿಸ್ಟ್ ಸಭೆಯ ಕಾರ್ಲ್ ವಿಲ್ಕೆನ್ಸ್ ಅವರು ಹೆಂಡತಿಮಕ್ಕಳನ್ನು ಕಳುಹಿಸಿ ತಾವು ಉಳಿದರು; ಅನಾಥಾಲಯವೊಂದನ್ನು ಕೊಲೆಗಾರರು ಸುತ್ತುವರಿದಾಗ ಕೊಲೆಗಳನ್ನು ನಡೆಸುತ್ತಿದ್ದ ಸರಕಾರದ ಪ್ರಧಾನಮಂತ್ರಿಯನ್ನೇ ಎದುರಿಗೆ ಕಂಡು ಮಕ್ಕಳ ರಕ್ಷಣೆಯನ್ನು ಬೇಡಿದರು; ಮಕ್ಕಳು ಉಳಿದರು. ಇವರಾರೂ ಸಂಹಾರವನ್ನು ನಿಲ್ಲಿಸಲಿಲ್ಲ. ಆದರೆ ನೋಡುವ ಕಣ್ಣೊಂದು ಅಲ್ಲಿದ್ದುದರಿಂದ ಎಷ್ಟೋ ಸಲ ಎತ್ತಿದ ಕೈ ತಡೆಯಿತು.

ಹೆಣ್ಣುಮಕ್ಕಳ ಶಾಲೆಯ ಬಳಗವು ವಿಶೇಷವಾಗಿ ನೋಡಬೇಕಾದ ಇನ್ನೊಂದು ಚಿತ್ರವು ಯುರೋಪಿನದು. ಬೋಸ್ನಿಯಾದ ಯಸ್ಮಿಲಾ ಝ್ಬಾನಿಚ್ ಎಂಬ ಮಹಿಳೆಯು ೨೦೨೦ರಲ್ಲಿ ನಿರ್ದೇಶಿಸಿದ ‘ಕ್ವೋ ವಾಡಿಸ್, ಐದಾ?’ ಎಂಬುದು ಅದರ ಹೆಸರು. ೧೯೯೫ರ ಜುಲೈ ತಿಂಗಳಲ್ಲಿ ಸ್ರೆಬ್ರೆನಿತ್ಸಾ ಪಟ್ಟಣದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿದ ಮುಸಲ್ಮಾನ ಗಂಡಸರೂ ಹುಡುಗರೂ ಕೊಲ್ಲಲ್ಪಟ್ಟರು. ಕಥಾನಾಯಕಿ ಐದಾ ಆ ಊರಿನ ಉಪಾಧ್ಯಾಯಿನಿ. ವಿಶ್ವಸಂಸ್ಥೆಯ ಡಚ್ ಪಡೆಯ ಪಾಳೆಯದಲ್ಲಿ ದುಭಾಷಿಯಾಗಿ ಕೆಲಸಮಾಡುವವಳು. ಅವಳ ಕೊರಳಿನ ಗುರುತಿನ ಚೀಟಿಗೆ ಬಾಗಿಲು ತೆರೆಯುತ್ತದೆ. ಗಂಡನಿಗೂ ಇಬ್ಬರು ಗಂಡುಮಕ್ಕಳಿಗೂ ತೆರೆಯದು. ಅಭಯದ ಮಾತುಗಳನ್ನು ತನ್ನ ಜನಕ್ಕೆ ಅನುವಾದಿಸಿ ಹೇಳುವುದು ಅವಳ ಕೆಲಸ. ಆ ಮಾತುಗಳು ಪೊಳ್ಳೆಂದು ಮೊದಲು ಅರಿಯುವವಳೂ ಅವಳೇ. ಎಲ್ಲರನ್ನೂ ಕಳೆದುಕೊಂಡ ಮೇಲೆ ಅವಳು ಅದೇ ಊರಿಗೆ ಮರಳಿ ಎಳೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮಕ್ಕಳ ಪ್ರದರ್ಶನವನ್ನು ನೋಡಲು ಬಂದವರಲ್ಲಿ ಕೊಲೆಗೆ ಕೈಗೂಡಿಸಿದವರೂ ಕುಳಿತಿರುತ್ತಾರೆ.

ಹೆತ್ತವರಿಗೆ ಒಂದೆರಡು ಮಾತು. ಈ ಚಿತ್ರಗಳು ಚಿಕ್ಕ ಮಕ್ಕಳಿಗಲ್ಲ. ‘ಹೋಟೆಲ್ ರುವಾಂಡಾ’ದಲ್ಲಿ ರಕ್ತಪಾತವನ್ನು ಹೆಚ್ಚಾಗಿ ಕಣ್ಣೆದುರಿಗೆ ತಂದಿಲ್ಲವಾದ್ದರಿಂದ ಮೇಲಿನ ತರಗತಿಯ ಹುಡುಗಿಯರು ಹಿರಿಯರೊಡನೆ ಕುಳಿತು ನೋಡಬಹುದು. ‘ಶೂಟಿಂಗ್ ಡಾಗ್ಸ್’ ಮತ್ತು ‘ಸಮ್‌ಟೈಮ್ಸ್ ಇನ್ ಏಪ್ರಿಲ್’ ಚಿತ್ರಗಳು ಹೆಚ್ಚು ಕಠೋರವಾದುವು. ನೋಡಿದ ಮೇಲೆ ಸುಮ್ಮನೆ ಎದ್ದು ಹೋಗದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ತೆರೆಯಲಿಲ್ಲ? ಹೊರನಾಡಿಗನ ಕಣ್ಣೀರಿನ ಆಚೆಗೆ, ಉಳಿದು ಮಡಿದವರ ಹೆಸರುಗಳನ್ನೂ ಮುಖಗಳನ್ನೂ ಚಿತ್ರವು ನಮಗೆ ತೋರಿಸಿತೇ? ಆ ಕೊನೆಯ ದಿನಕ್ಕೆ ಮೊದಲು, ತಡೆಯಲು ಸಾಧ್ಯವಿದ್ದಾಗ, ಯಾರು ಏನನ್ನು ಮಾಡದೆ ಬಿಟ್ಟರು? ಮೊದಲನೆಯ ಪ್ರಶ್ನೆಗೆ ಎಲ್ಲ ಚಿತ್ರಗಳೂ ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಕೆಲವು ಮಾತ್ರ. ಮೂರನೆಯದಕ್ಕೆ ಉತ್ತರವನ್ನು ಬಹುಮಟ್ಟಿಗೆ ಪುಸ್ತಕಗಳಲ್ಲಿಯೇ ಹುಡುಕಬೇಕು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ಬಸ್ಸು ಹೊರಡುವ ಗಳಿಗೆಯಲ್ಲಿ ವೀರರಾಗುವುದು ಬಹು ಕೆಲವರಿಗೆ ಮಾತ್ರ ಸಾಧ್ಯ. ಅದಕ್ಕೆ ಬಹಳ ಮೊದಲು, ತರಗತಿಯಲ್ಲಿ ಮಕ್ಕಳನ್ನು ಪಂಗಡವಾಗಿ ಎಬ್ಬಿಸಿ ಎಣಿಸುವ ದಿನದಂದು, ಇದು ತಪ್ಪೆಂದು ಹೇಳುವುದು ಅನೇಕರಿಗೆ ಸಾಧ್ಯವಿತ್ತು. ಒಳಗಿನವರಾಗಲಿ ಹೊರಗಿನವರಾಗಲಿ, ಉಪಾಧ್ಯಾಯರಿಗೆ ಆ ಅವಕಾಶವು ಪ್ರತಿದಿನವೂ ಇತ್ತು.

ಮಕ್ಕಳು ಇದನ್ನು ಹಿರಿಯರಿಗಿಂತ ಚೆನ್ನಾಗಿ ಅರಿಯಬಲ್ಲರೆಂಬುದಕ್ಕೆ ರುವಾಂಡಾದಲ್ಲಿಯೇ ಸಾಕ್ಷ್ಯವಿದೆ. ೧೯೯೭ನೇ ಮಾರ್ಚ್ ೧೮ರ ರಾತ್ರಿ, ನ್ಯಾಂಗೆ ಎಂಬ ಊರಿನ ಪ್ರೌಢಶಾಲೆಯಲ್ಲಿ ಹುಡುಗರೂ ಹುಡುಗಿಯರೂ ಓದುತ್ತ ಕುಳಿತಿದ್ದಾಗ ಆಯುಧಧಾರಿಗಳು ನುಗ್ಗಿ, ಹುಟುಗಳು ಒಂದು ಕಡೆಗೂ ಟುಟ್ಸಿಗಳು ಇನ್ನೊಂದು ಕಡೆಗೂ ನಿಲ್ಲುವಂತೆ ಆಜ್ಞಾಪಿಸಿದರು. ತಾವೆಲ್ಲರೂ ರುವಾಂಡಾದವರೇ ಎಂದು ಹೇಳಿ ಆ ಮಕ್ಕಳು ಬೇರ್ಪಡಲು ಒಪ್ಪಲಿಲ್ಲ. ಗುಂಡುಗಳಿಗೂ ಬಾಂಬುಗಳಿಗೂ ಕೆಲವರು ಬಲಿಯಾದರು, ಅನೇಕರು ಗಾಯಗೊಂಡರು. ಆ ದೇಶವು ಅವರನ್ನು ರಾಷ್ಟ್ರವೀರರ ಸಾಲಿನಲ್ಲಿ ಸೇರಿಸಿ ಗೌರವಿಸಿದೆ. ಹೊರಡಲು ಬಾಗಿಲಿದ್ದವರು ಹೊರಟುಹೋದ ಮೂರು ವರ್ಷಗಳ ಮೇಲೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಬದುಕಬಹುದಾಗಿದ್ದ ಆ ಮಕ್ಕಳು ಸರಿಯದೆ ತಮ್ಮ ಬೆಂಚಿನಲ್ಲಿಯೇ ಕುಳಿತರು.